ವೈರ್ ಕಿತ್ತು ಓಡುವವನ ಮೆಮೊರಿ ಕಾರ್ಡು

ನಮ್ಮ ಗಿರಣಿ ಕಾರ್ಮಿಕರ ಸಂಘದಲ್ಲಿ ಭಾಷಣಕಾರರಿಗೆ ಬರವಿಲ್ಲ. ಅವರ ದನಿಯನ್ನು ಊರಿಗೆ ಮುಟ್ಟಿಸುವವನು ಮಾತ್ರ ಒಬ್ಬನೇ, ಎಲ್ಲರೂ ಮೈಕ್ ಮಾವ ಎನ್ನುವ ಆಸಾಮಿ. ಅವನ ಕಸುಬಿನ ಮೊದಲ ಪಾಠ: ಪೊಲೀಸರು ಕಂಡರೆ ವೈರ್ ಕೀಳು, ಆಂಪ್ಲಿಫೈಯರ್ ಕಂಕುಳಿಗೆ ಸಿಕ್ಕಿಸು, ಓಡು. ಎರಡನೆಯ ಪಾಠ ಇಲ್ಲ. ಭಾಷಣ ಮಾಡಿದವರು ಎಷ್ಟೋ ಸಲ ಒಳಗೆ ಹೋದರು, ಆಂಪ್ಲಿಫೈಯರ್ ಒಮ್ಮೆಯೂ ಹೋಗಲಿಲ್ಲ.

ಹೀಗಿರುವಾಗ ಸಂಘಕ್ಕೆ ಆಧುನಿಕವಾಗುವ ಚಪಲ ಹತ್ತಿತು. ಅಂಗೈಯಗಲದ ಕಂಪ್ಯೂಟರ್ ಬಂತು. ಅದರ ಆಪರೇಟಿಂಗ್ ಸಿಸ್ಟಮ್ಮು, ನಮ್ಮ ಪ್ರಕಟಣೆ, ಹಾಡು, ಎಲ್ಲವೂ ಉಗುರಿನಷ್ಟಗಲದ ಮೆಮೊರಿ ಕಾರ್ಡಿನೊಳಗೆ. ಅದನ್ನು ಗಿರಣಿ ಗೇಟಿನ ಲೌಡ್‌ಸ್ಪೀಕರ್ ಹಾರ್ನುಗಳಿಗೆ ಜೋಡಿಸಿ ನಡೆಸುವ ಕೆಲಸ ಮಾವನದು.

ಮೊದಲ ಕಾರ್ಡನ್ನು ಅಧ್ಯಕ್ಷರೇ ಫುಟ್‌ಪಾತಿನಲ್ಲಿ ಆರಿಸಿದರು. ಅದರ ಮೇಲಿದ್ದಷ್ಟು ದೊಡ್ಡ ಜಿಬಿ ಸಂಖ್ಯೆ ಯಾವ ಅಂಗಡಿಯಲ್ಲೂ ಸಿಗುವಂಥದ್ದಲ್ಲ. ಚುನಾವಣಾ ಪ್ರಣಾಳಿಕೆಗಳನ್ನು ಹರಿದು ಬಿಸಾಡುವ ಮನುಷ್ಯ, ಕಾರ್ಡಿನ ಮೇಲಿನ ಭರವಸೆಯನ್ನು ಮಾತ್ರ ಪೂರ್ತಿ ನಂಬಿದರು. ವಾರದೊಳಗೆ ಅದು ಸತ್ತಿತು. ಎರಡನೆಯದನ್ನು ಸಮಿತಿ ಕೈ ಎತ್ತಿ ಆರಿಸಿತು: ಸಿನಿಮಾ ಕ್ಯಾಮೆರಾದವರು ಬಳಸುವಂಥದ್ದು, ಭಾರೀ ವೇಗದ್ದು. ಅದೂ ಸತ್ತಿತು. ಕೈ ಎತ್ತಿದವರಲ್ಲಿ ತಪ್ಪು ಯಾರದೂ ಅಲ್ಲವಾದ್ದರಿಂದ ಮಾವನದಾಯಿತು.

"ಇನ್ನೊಂದ್ಸಲ ಕೆಟ್ರೆ ಮೈಕೇ ಬೇಡ, ಫೋನ್ ಗ್ರೂಪಲ್ಲಿ ಮೆಸೇಜ್ ಹಾಕ್ತೀವಿ. ನೀನು ಮನೇಲಿ ಆರಾಮಾಗಿರು," ಎಂದರು ಅಧ್ಯಕ್ಷರು. ಜೀವಮಾನವಿಡೀ ಕೆಲಸದಿಂದ ತೆಗೆಯುವುದರ ವಿರುದ್ಧ ಕೂಗಿದ ಬಾಯಿ ಅದು.

ಮಾವ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಅಕ್ಕನ ಮಗಳ ಹತ್ತಿರ ಹೋದ.

"ಆಫ್ ಹೇಗ್ ಮಾಡ್ತೀಯ ಮಾವ?"

"ಹೇಗ್ ಮಾಡೋದು? ವೈರ್ ಕೀಳೋದು."

"ಥೂ! ಉಣ್ಣೋನ ತಟ್ಟೆ ಕಿತ್ಕೊಂಡ ಹಾಗಾಯ್ತು. ಅದು ಕಾರ್ಡಲ್ಲಿ ಏನಾದ್ರೂ ಬರೀತಾನೇ ಇರುತ್ತೆ. ಮೊದಲು ಮಲಗು ಅಂತ ಹೇಳ್ಬೇಕು, ದೀಪ ಆರಿದ್ಮೇಲೆ ವೈರು."

"ಪೊಲೀಸ್ರು ಬಂದ್ರೆ?"

"ಕುರ್ಚಿ ಹಾಕು."

ಅವಳು ಗಾಜಿನ ಮೇಲೆ ಕಾರ್ಡುಗಳನ್ನು ಹರವಿದಳು. ಮಾವನ ಬೆರಳು ತಾನಾಗಿ ದೊಡ್ಡ ಸಂಖ್ಯೆಯತ್ತ ಹೋಯಿತು. ಅವಳು ಬೆರಳಿಗೇ ಒಂದು ಕೊಟ್ಟಳು.

"ಅಷ್ಟು ಜಾಗದಲ್ಲಿ ಏನ್ ತುಂಬ್ತೀಯ? ಸಿನಿಮಾ ಕ್ಯಾಮೆರಾದ್ದೂ ಬೇಡ. ಅದು ಒಂದೇ ಉಸಿರಲ್ಲಿ ಉದ್ದಕ್ಕೆ ಬರೆಯೋಕೆ, ನಿಮ್ಮ ಅಧ್ಯಕ್ಷರ ಭಾಷಣದ ಹಾಗೆ. ಸಿಸ್ಟಮ್ಮಿಗೆ ದಿನವಿಡೀ ಚೂರುಪಾರು ಕೆಲಸ ಇರುತ್ತೆ. ಅಂಥ ಕೆಲಸಕ್ಕೇ ಅಂತ ಮೂಲೇಲಿ ಎ1 ಗುರುತಿದೆ ನೋಡು, ಅದನ್ನ ತಗೋ. ಅದರಲ್ಲೂ ಇದು ಹಗಲೂ ರಾತ್ರಿ ಬರೆಯೋ ಕಾವಲು ಕ್ಯಾಮೆರಾದಲ್ಲೂ ಬಾಳೋ ಜಾತಿ."

"ಬೇಜಾರಿಲ್ಲದೆ ಗೇಯೋದು. ನಿಮ್ಮತ್ತೆ ಥರ."

"ಅತ್ತೆ ಕಿವಿಗೆ ಹಾಕ್ತೀನಿ ಇರು."

ಆ ಕಾರ್ಡಿನ ಮೊದಲ ಗೇಟ್ ಸಭೆಗೇ ಪೊಲೀಸ್ ವ್ಯಾನು ಬಂತು. ಇಳಿದ ಸಾಹೇಬರು, "ಏಯ್, ಬಂದ್ ಮಾಡು!" ಎಂದು ಗದರಿದರು. ಮಾವನ ಕೈ ವೈರಿಗೆ ಹೋಯಿತು. ಅಲ್ಲೇ ನಿಂತಿತು. ಆ ಕೈಯ ಸಂಕಟ ನೋಡಲಾಗುತ್ತಿರಲಿಲ್ಲ. ಕೊನೆಗೆ ಅದು ಮಲಗಿಸುವ ಗುಂಡಿ ಒತ್ತಿತು.

"ಒಂದ್ನಿಮಿಷ ಸಾರ್, ಸಿಸ್ಟಮ್ ಮಲಗ್ತಾ ಇದೆ."

ಸರ್ಕಾರಿ ನೌಕರರು ಸಿಸ್ಟಮ್ಮಿಗೆ ಕೊಡುವ ಮರ್ಯಾದೆ ಕಾನೂನಿಗೂ ಕೊಡುವುದಿಲ್ಲ. ಸಾಹೇಬರು ಸೊಂಟದ ಮೇಲೆ ಕೈಯಿಟ್ಟು ಕಾದರು. ದೀಪ ಆರಿತು. ಮಾವ ಉಗುರಿನಿಂದ ಕಾರ್ಡು ಮೀಟಿ ತೆಗೆದು ಕನ್ನಡಕದ ಡಬ್ಬಿಗೆ ಹಾಕಿಕೊಂಡ. ಓಡಲು ಹೊತ್ತು ಉಳಿಯಲಿಲ್ಲ. ಆಂಪ್ಲಿಫೈಯರ್, ಕಂಪ್ಯೂಟರ್, ಮಾವ, ಮೂರೂ ವ್ಯಾನು ಹತ್ತಿದವು. ಸಂಜೆ ಮಾವನನ್ನು ಬಿಟ್ಟರು, ಪೆಟ್ಟಿಗೆಗಳನ್ನು ಸಾಕ್ಷ್ಯವೆಂದು ಇಟ್ಟುಕೊಂಡರು. ಜೀವ ಕನ್ನಡಕದ ಡಬ್ಬಿಯಲ್ಲಿತ್ತು.

ಮರುದಿನ ಅಕ್ಕನ ಮಗಳ ಅಂಗಡಿಯಲ್ಲಿದ್ದ ಅಂಥದೇ ಇನ್ನೊಂದು ಕಂಪ್ಯೂಟರಿಗೆ ಕಾರ್ಡು ಸಿಕ್ಕಿಸಿದ್ದೇ ತಡ, ಎರವಲು ಆಂಪ್ಲಿಫೈಯರಿನಲ್ಲಿ ಗೇಟಿನ ಹಾರ್ನುಗಳು ನಿನ್ನೆ ನಿಂತಿದ್ದ ಹಾಡಿನಿಂದಲೇ ಶುರು ಮಾಡಿದವು. ಫೋನ್ ಗ್ರೂಪಿನ ಮಾತನ್ನು ಯಾರೂ ಎತ್ತಲಿಲ್ಲ.

ಅಧ್ಯಕ್ಷರು ಮೈಕ್ ಹಿಡಿದರು. "ಬಂಧುಗಳೇ, ಸರಿಯಾದ ಕಾರ್ಡನ್ನು ಆರಿಸುವಲ್ಲಿ ನಮ್ಮ ಸಮಿತಿ ತೋರಿದ ದೂರದೃಷ್ಟಿ..."

ಮೈಕಿಗೆ ಮಲಗಿಸುವ ಉಪಚಾರವೇನೂ ಬೇಕಿಲ್ಲ. ಮಾವ ಅದರ ವೈರ್ ಕಿತ್ತ.