ಗೇಟಿನ ಎರಡೂ ಕಡೆ ಲೀಮನ್

ಲೀಮನ್ ಟಿಡ್‌ಮೋರ್ ಎಷ್ಟು ಕಡಿಮೆ ಮಾತಿನವನೆಂದರೆ, ಅವನು ನನ್ನ ಅಂಗಡಿಗೆ ಬಂದು ಬಾಯಿಬಿಟ್ಟು ಕಾಫಿಪುಡಿ ಕೇಳಿದ ವರ್ಷ ಯಾವುದೆಂದು ಊರಿನವರು ನೆನಪಿಟ್ಟುಕೊಂಡಿದ್ದರು. ಮಿಕ್ಕ ದಿನ ಬೇಕಾದ್ದನ್ನು ಬೆರಳಿನಲ್ಲಿ ತೋರಿಸಿ, ಟೋಪಿ ಮುಟ್ಟಿ, ಹೊರಟುಬಿಡುತ್ತಿದ್ದ. ಒಮ್ಮೆ ಹಲ್ಲುನೋವು ತಡೆಯಲಾರದೆ ಬಾಯಿ ತೆರೆದಾಗ ಒಳಗಿನಿಂದ ಜೇಡವೊಂದು ಬಲೆ ಮಡಿಸಿಕೊಂಡು ಹೊರಗೆ ಬಂತು. ಇದನ್ನು ನಂಬದವರು ಒಬ್ಬಿಬ್ಬರಿದ್ದಾರೆ. ಅವರು ಲೀಮನ್‌ನನ್ನು ನೋಡಿದವರಲ್ಲ.

ಅಲಬಾಮಾದ ಈ ಮೂಲೆಯಲ್ಲಿ, ನನ್ನ ಅಂಗಡಿಯ ಕವಲಿನಿಂದ ಕೆಳಗಿಳಿಯುವ ಕೆಮ್ಮಣ್ಣಿನ ರಸ್ತೆಗೆ ಎಡಗಡೆ ಪೂರ್ತಿ ಪೈನ್ ಕಾಡು. ಬರ್ಮಿಂಗ್‌ಹ್ಯಾಮಿನ ಹಲ್ಲಿನ ಡಾಕ್ಟರುಗಳೂ ವಕೀಲರೂ ಕೂಡಿ ಕೊಂಡ ಜಿಂಕೆಬೇಟೆಯ ಜಮೀನು ಅದು. ಕಬ್ಬಿಣದ ಗೇಟು, ಗೇಟಿನ ಒಳಗೆ ತಗಡಿನ ಗಾಲಿಮನೆ, ಗಾಲಿಮನೆಯ ಒಳಗೆ ಕಾವಲುಗಾರ ಲೀಮನ್. ಜಿಂಕೆಗಳು ಮೇಯಲೆಂದು ಓಟ್ಸ್ ಬಿತ್ತುವುದು, ಮರದ ಮೇಲಿನ ಮಚಾನುಗಳಿಂದ ಕಣಜದ ಹುಳ ಓಡಿಸುವುದು, ಬೇಲಿಯುದ್ದಕ್ಕೂ 'ಅಪ್ಪಣೆಯಿಲ್ಲದೆ ಒಳಗೆ ಬರಕೂಡದು' ಎಂಬ ಹಲಗೆ ಹೊಡೆಯುವುದು ಅವನ ಕೆಲಸ. ಯಜಮಾನರು ಚಳಿಗಾಲದ ಶನಿವಾರಗಳಲ್ಲಿ ಬಂದು, ಮಚಾನು ಹತ್ತಿ, ಉಸಿರು ಬಿಗಿಹಿಡಿದು ದೊಡ್ಡ ಕೊಂಬಿನ ಗಂಡುಜಿಂಕೆಗಾಗಿ ಕಾಯುತ್ತಿದ್ದರು. ಲೀಮನ್‌ನ ಹತ್ತಿರ ಇಲಿಕಾಟದ ವಿಷಯ ಮಾತಾಡಿ ಹೋಗುತ್ತಿದ್ದರು. ಅವರು ಹೋದರೆಂದರೆ ಮತ್ತೆ ಮುಂದಿನ ಚಳಿಗಾಲದವರೆಗೆ ಅವನಿಗೆ ಪೈನ್ ಮರದ ಗಾಳಿಯೇ ಗತಿ. ಆ ಗಾಳಿಯೂ ಅವನ ಜೊತೆ ಬೇಜಾರಾಗಿ ಆಗಾಗ ನಿಂತುಬಿಡುತ್ತಿತ್ತು.

ಜಮೀನಿನ ಮೊದಲ ಕಾನೂನು: ನಾಯಿ ಕೂಡದು. ಕಾವಲುಗಾರನೂ ಸಾಕುವಂತಿಲ್ಲ. ಒಂದೇ ಒಂದು ಬೇಟೆನಾಯಿ ಕೂಗುತ್ತಾ ಒಳಗೆ ಹಾದುಹೋದರೂ ಜಿಂಕೆಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಪಕ್ಕದ ಜಿಲ್ಲೆಗೆ ಹೋಗಿ ಅಲ್ಲೇ ಓಟು ಹಾಕಲು ಶುರುಮಾಡುತ್ತವೆ. ಆದ್ದರಿಂದ ಒಳಗೆ ಬಂದ ನಾಯಿಗೆ ಗುಂಡು ಹೊಡೆಯಲೆಂದು ಯಜಮಾನರೇ ಒಂದು ಕೋವಿ ಕೊಟ್ಟಿದ್ದರು. ಲೀಮನ್ ಅದರ ನಳಿಗೆಗೆ ಪೊರಕೆ ನೇತುಹಾಕಿದ್ದ. ಅವನು ಡಬ್ಬಿಯ ಸಾಸೇಜು ತೆರೆದು ಹಿಡಿಯುತ್ತಿದ್ದ, ನಾಯಿ ಬರುತ್ತಿತ್ತು, ಗೇಟಿನ ಕಂಬಕ್ಕೆ ಕಟ್ಟಿ, ಕೊರಳಪಟ್ಟಿಯ ಹಿತ್ತಾಳೆ ಬಿಲ್ಲೆ ನೋಡಿ ನಾಯಿಯ ಯಜಮಾನನಿಗೆ ಫೋನು ಮಾಡುತ್ತಿದ್ದ. ಫೋನಿನಲ್ಲಿ ಮಾತಾಡಬೇಕಲ್ಲ? ಅದಕ್ಕೆ ನಾಯಿಯನ್ನೇ ಒಳಗೆ ಕರೆದು ರಿಸೀವರನ್ನು ಅದರ ಬಾಯಿಗೆ ಹಿಡಿಯುತ್ತಿದ್ದ. ದನಿ ಗುರುತಿಸಿ ಅವರು ಬರುತ್ತಿದ್ದರು.

ಬಿಲ್ಲೆಯ ಮೇಲೆ ಹೆಚ್ಚಾಗಿ ಇರುತ್ತಿದ್ದದ್ದು ಒಂದೇ ಹೆಸರು, ಹಾಯ್ಟ್ ಸಿಂಗಲ್‌ಟರಿ. ರಸ್ತೆಯ ಆಚೆಬದಿಯಲ್ಲೇ ಮನೆ. ಹಾಯ್ಟ್ ನಮ್ಮ ಹಳೆಯ ಪಂಗಡದವನು. ನಾಯಿ ಬಿಟ್ಟು ಜಿಂಕೆ ಓಡಿಸಿ, ತಾನು ರಸ್ತೆಯಂಚಿನಲ್ಲಿ ಕೋವಿ ಹಿಡಿದು, ಬೇಯಿಸಿದ ಕಡಲೆಕಾಯಿ ಬಿಡಿಸುತ್ತಾ ನಿಲ್ಲುವ ಪಂಗಡ. ನಮಗೆ ಜಿಂಕೆ ಬರೀ ನೆಪ, ನಾಯಿಯ ಕೂಗು ಕೇಳುವುದೇ ಬೇಟೆ. ಹಾಯ್ಟನ ನಾಯಿಗಳಲ್ಲಿ ಕೊನೆಗೆ ಉಳಿದದ್ದು ಬ್ಯೂಲಾ ಎಂಬ ಮುದಿ ಹೆಣ್ಣುನಾಯಿ. ಅವಳು ಹೊಳೆಯ ಹತ್ತಿರ ದನಿ ತೆಗೆದರೆ ಪಕ್ಕದ ಜಿಲ್ಲೆಯ ಕೋಳಿಗಳು ಬೆಳಗಾಯಿತೆಂದು ಎದ್ದು ಮೊಟ್ಟೆಯಿಟ್ಟು ಮತ್ತೆ ಮಲಗುತ್ತಿದ್ದವು. ಅವಳಿಗೆ ಹಾಯ್ಟನ ಜಾಗ ಯಾವತ್ತೂ ಸಾಲಲಿಲ್ಲ. ಜಿಂಕೆ ಬೇಲಿ ಹಾರಿದರೆ ಅವಳೂ ಹಾರುತ್ತಿದ್ದಳು.

ತಪ್ಪಿಹೋದ ನಾಯಿಗೆ ನಮ್ಮಲ್ಲಿ ಒಂದು ಉಪಾಯವಿದೆ. ಅದನ್ನು ಬಿಟ್ಟ ಜಾಗದಲ್ಲಿ ಯಜಮಾನ ತನ್ನ ಕೋಟನ್ನು ಬಿಚ್ಚಿ ಹಾಸಿ ಮನೆಗೆ ಹೋಗುತ್ತಾನೆ. ಬೆಳಿಗ್ಗೆ ಬಂದು ನೋಡಿದರೆ ನಾಯಿ ಕೋಟಿನ ಮೇಲೆ ಮಲಗಿರುತ್ತದೆ. ಹಾಯ್ಟನ ಕಂದು ಕ್ಯಾನ್ವಾಸ್ ಕೋಟು ಹಾಸಿ ಹಾಸಿ ಎಷ್ಟು ನಾಯಿನಾತ ಹೊಡೆಯುತ್ತಿತ್ತೆಂದರೆ, ಅದನ್ನು ಹಾಕಿಕೊಂಡು ಚರ್ಚಿಗೆ ಬಂದ ದಿನ ಪಾದ್ರಿಗಳು ಉಪದೇಶವನ್ನು ಅರ್ಧಕ್ಕೇ ಮುಗಿಸಿದರು. ಊರೇ ಅವನಿಗೆ ಋಣಿಯಾಯಿತು. ಆದರೆ ಈಚಿನ ವರ್ಷಗಳಲ್ಲಿ ಕೋಟು ಹಾಸುವ ಪ್ರಸಂಗವೇ ಬರುತ್ತಿರಲಿಲ್ಲ. ಅಷ್ಟರೊಳಗೆ ಬ್ಯೂಲಾ ಲೀಮನ್‌ನ ಗೇಟಿನ ಕಂಬದಲ್ಲಿರುತ್ತಿದ್ದಳು. ಸಂಜೆಗೆ ಹಾಯ್ಟ್ ಬಂದು ಗೇಟಿನ ಹೊರಗೆ ಮೊಣಕೈ ಊರುತ್ತಿದ್ದ. ಲೀಮನ್ ಒಳಗೆ ಊರುತ್ತಿದ್ದ.

"ನಿನ್ನ ನಾಯಿ ಮತ್ತೆ ಬಂದಿತ್ತು."

"ಗೊತ್ತು ಕಣಯ್ಯ. ಇಲ್ದಿದ್ರೆ ನಾನ್ಯಾಕೆ ಬರ್ತಿದ್ದೆ, ನಿನ್ ಮುಖ ನೋಡೋಕಾ?"

"ಬೋರ್ಡ್ ಹಾಕಿದೀವಿ."

"ಅದಕ್ಕೆ ಓದೋಕೆ ಬರಲ್ಲ. ನಿಮ್ ಹಲ್ಲು ಡಾಕ್ಟ್ರು ಬಂದು ಅಕ್ಷರ ಕಲಿಸ್ಲಿ."

"ಮುಂದಿನ ಸಲ ಗುಂಡು ಹೊಡೀತೀನಿ ನೋಡ್ತಾ ಇರು."

"ಹೊಡಿಯಪ್ಪಾ. ನಿನ್ ಗುರಿ ನಂಗೊತ್ತಿಲ್ವಾ? ನಾಯಿ ಎಲ್ಲಿದ್ರೂ ಭಯ ಇಲ್ಲ. ನಾನು ಮಾತ್ರ ಮನೇಲಿ ಮಂಚದ ಕೆಳಗೆ ಮಲಗ್ಬೇಕು."

"ಗೂಬೆ."

"ಕಾವಲು ಗೂಬೆ ನೀನು. ಸರ್ಕಾರಿ ಗೂಬೆ ಆದ್ರೂ ಆಗಿದ್ರೆ ಪೆನ್ಷನ್ ಬರ್ತಿತ್ತು!"

ಹೀಗೆ ಕತ್ತಲಾಗುವ ತನಕ. ವಾರವಿಡೀ ನುಂಗಿಕೊಂಡ ಮಾತನ್ನೆಲ್ಲ ಲೀಮನ್ ಅಲ್ಲಿ ಕಕ್ಕುತ್ತಿದ್ದ. ಬ್ಯೂಲಾ ಕಂಬದ ಬುಡದಲ್ಲಿ ಮಲಗಿ, ಯಾರು ಮಾತಾಡಿದರೆ ಅವರ ಕಡೆ ಕಣ್ಣು ಹೊರಳಿಸುತ್ತಿದ್ದಳು. ಕಡೆಗೆ ಹಾಯ್ಟ್ "ಸಾಕು, ಮನೆಗೆ ಹೋಗೋಣ ಬಾರೇ ಮುದುಕಿ" ಎಂದರೆ ಎದ್ದು ಟ್ರಕ್ಕಿಗೆ ಹಾರುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಇಬ್ಬರಲ್ಲಿ ಒಬ್ಬನೂ ಇನ್ನೊಬ್ಬನ ಕಡೆಗೆ ಗೇಟು ದಾಟಲಿಲ್ಲ. ಹಾಯ್ಟ್ ದಾಟಿದರೆ ಅಪರಾಧವಾಗುತ್ತಿತ್ತು. ಲೀಮನ್ ದಾಟಿ ಹೋಗುವುದಾದರೂ ಎಲ್ಲಿಗೆ?

ಆ ವರ್ಷ ಬೇಟೆಯ ಕಾಲ ಬರುವ ಮುಂಚೆಯೇ ಹಾಯ್ಟ್ ನನ್ನ ಅಂಗಡಿಯ ಮುಂದೆ, ಟ್ರಕ್ಕಿಗೆ ಪೆಟ್ರೋಲು ತುಂಬಿಸುತ್ತಾ, ಬೆಲೆ ಎಷ್ಟೆಂದು ನೋಡಿ ಎದೆ ಹಿಡಿದುಕೊಂಡು ಕುಸಿದ. ತಮಾಷೆ ಮಾಡುತ್ತಿದ್ದಾನೆಂದು ನಾನು ನಕ್ಕೆ. ಅವನು ಏಳಲಿಲ್ಲ.

ಶವಸಂಸ್ಕಾರಕ್ಕೆ ಲೀಮನ್ ಬಂದಿದ್ದ. ಚರ್ಚಿನ ಬಾಗಿಲ ಹತ್ತಿರ, ಕೋಟು ನೇತುಹಾಕುವ ಗೂಟದ ಪಕ್ಕ, ಇನ್ನೊಂದು ಗೂಟದ ಹಾಗೆ ನಿಂತಿದ್ದ. ಜನ ಸಾಲುಗಟ್ಟಿ ಶವಪೆಟ್ಟಿಗೆಯ ಹತ್ತಿರ ಹೋಗಿ ಮುಖ ನೋಡಿ, ಮಗಳು ವರ್ನೆಲ್‌ಗೆ ಎರಡು ಮಾತು ಹೇಳುತ್ತಿದ್ದರು. ಆ ಎರಡು ಮಾತಿಗೆ ಹೆದರಿ ಅವನು ಸಾಲು ತನ್ನವರೆಗೆ ಬರುವ ಮೊದಲೇ ಹೊರಟುಹೋದ.

ವರ್ನೆಲ್ ಇರುವುದು ಮೊಬೀಲ್ ಪಟ್ಟಣದಲ್ಲಿ, ನಾಯಿ ಸಾಕಲು ಬಿಡದ ಕಟ್ಟಡದಲ್ಲಿ. ಬ್ಯೂಲಾಳನ್ನು ಒಬ್ಬ ನೆಂಟನಿಗೆ ಕೊಟ್ಟಳು. ನೆಂಟ ತಲೆ ಮಟ್ಟದ ಬೇಲಿ ಕಟ್ಟಿ ತಿರುಗುವಷ್ಟರಲ್ಲಿ ಬ್ಯೂಲಾ ಅವನ ತಲೆಯ ಮೇಲಿಂದಲೇ ಹಾರಿ, ನೇರ ಜಮೀನಿಗೆ ಬಂದಳು. ಬೆಳಗಿನಿಂದ ಸಂಜೆಯವರೆಗೆ ಕಾಡಿನ ತುಂಬ ಅವಳದೇ ಕೂಗು. ಮೊದಲೆಲ್ಲ ಜಿಂಕೆಯ ಹಿಂದೆ ಕೂಗುತ್ತಿದ್ದಳು. ಈಗಿನದು ಬೇರೆ ಥರದ ಕೂಗು. ಒಂದು ಸಲ ಕೂಗಿ ನಿಲ್ಲಿಸುತ್ತಿದ್ದಳು, ಯಾರಾದರೂ ಓಗೊಡಲಿ ಎಂಬಂತೆ. ಲೀಮನ್ ಸಾಸೇಜಿನ ಡಬ್ಬಿ ಹಿಡಿದು ಹೋದರೆ ದೂರದಿಂದ ನೋಡಿ, 'ನೀನಲ್ಲ' ಎಂದು ಮುಖ ತಿರುಗಿಸಿ ಮರಗಳ ಹಿಂದೆ ಹೋಗುತ್ತಿದ್ದಳು.

ಆ ವಾರ ಯಜಮಾನರ ಮುಖ್ಯಸ್ಥ, ಹಲ್ಲಿನ ಡಾಕ್ಟರ್ ವಿಂಬರ್ಲಿ, ಜಮೀನು ನೋಡಲು ಬಂದ. ಕೆಟ್ಟ ಮನುಷ್ಯನಲ್ಲ. ಹಲ್ಲು ಕೀಳುವಾಗ ಹೇಗೋ ಮಾತಾಡುವಾಗಲೂ ಹಾಗೆ, ನೋವಾಗುವುದಿಲ್ಲ ಎಂದು ಮೊದಲೇ ಹೇಳುವವನು.

"ಲೀಮನ್, ಶನಿವಾರ ಸೀಸನ್ ಶುರು."

ಲೀಮನ್ ತಲೆಯಾಡಿಸಿದ.

"ಆ ನಾಯಿ ಕೂಗು ಶನಿವಾರ ನನ್ ಕಿವಿಗೆ ಬಿದ್ರೆ, ಸೋಮವಾರ ಬೇರೆ ಕಾವಲುಗಾರ ಬರ್ತಾನೆ. ಅವನು ಬಂದ ದಿನವೇ ಹೊಡೀತಾನೆ. ಬೇಜಾರು ಮಾಡ್ಕೋಬೇಡ. ನನಗೂ ನಾಯಿ ಅಂದ್ರೆ ಪ್ರಾಣ. ಮನೇಲಿ ಎರಡಿವೆ, ಸೋಫಾ ಮೇಲೇ ಮಲಗೋದು."

ಅಂದರೆ ಲೀಮನ್ ಹೊಡೆದರೂ ಬ್ಯೂಲಾ ಸಾಯುವುದೇ, ಹೊಡೆಯದಿದ್ದರೂ ಸಾಯುವುದೇ. ಅವಳು ಶನಿವಾರದೊಳಗೆ ತಾನಾಗಿ ಹೊರಗೆ ಬರಬೇಕು, ಅಷ್ಟೆ.

ಗುರುವಾರ ಅವನು ಕೋವಿಯಿಂದ ಪೊರಕೆ ತೆಗೆದ. ಓಟ್ಸ್ ಹೊಲದ ನಡುವೆ ಬ್ಯೂಲಾ ಕುಳಿತಿದ್ದಳು. ಗುರಿ ಹಿಡಿದ. ಅವಳು ಅಲುಗಾಡಲಿಲ್ಲ. ಬಿಸಿಲು ಕಣ್ಣಿಗೆ ಹೊಡೆಯಿತು, ಅದಕ್ಕೇ ಆಗಲಿಲ್ಲ ಎಂದು ಆಮೇಲೆ ನನಗೆ ಹೇಳಿದ. ಆ ದಿನ ಎಷ್ಟು ಮೋಡವಿತ್ತೆಂದರೆ ನಾನು ಅಂಗಡಿಯಲ್ಲಿ ದೀಪ ಹಚ್ಚಿ ಚಿಲ್ಲರೆ ಕೊಡುತ್ತಿದ್ದೆ.

ಆಗ ಅವನಿಗೆ ಕೋಟು ನೆನಪಾಯಿತು. ಶುಕ್ರವಾರ ಗೇಟು ದಾಟಿ, ರಸ್ತೆ ದಾಟಿ, ಹಾಯ್ಟನ ಮನೆಯ ಬಾಗಿಲು ತಟ್ಟಿದ. ವರ್ನೆಲ್ ಸಾಮಾನು ಕಟ್ಟುತ್ತಿದ್ದಳು. ನಾನು ರಟ್ಟಿನ ಪೆಟ್ಟಿಗೆ ಕೊಡಲು ಹೋಗಿ ಅಲ್ಲೇ ಇದ್ದೆ.

"ಕೋಟು," ಎಂದ ಲೀಮನ್.

"ಯಾವ ಕೋಟು, ಅಂಕಲ್?"

"ಅವನ್ದು. ಕಂದು. ನಾಯಿಗೆ."

ವರ್ನೆಲ್ ನನ್ನ ಮುಖ ನೋಡಿದಳು. ನಾನು ಕಾಲ್ಬೆರಳು ನೋಡಿಕೊಂಡೆ.

"ಅಪ್ಪನ ಮೈಮೇಲೇ ಹೋಯ್ತಲ್ಲ ಅಂಕಲ್ ಅದು! ಅದನ್ನೇ ಹಾಕಿ ಹೂಳ್ಬೇಕು ಅಂತ ಬದುಕಿದ್ದಾಗ್ಲೇ ಹಟ ಹಿಡಿದಿದ್ರು. ಪೆಟ್ಟಿಗೇಲಿ ನೀವು ನೋಡ್ಲಿಲ್ವಾ? ಊರೆಲ್ಲ ನೋಡ್ತು, ಮೂಗು ಮುಚ್ಕೊಂಡು."

ಲೀಮನ್ ನೋಡಿರಲಿಲ್ಲ. ಟೋಪಿ ಮುಟ್ಟಿ ಹೊರಟ. ವರ್ನೆಲ್ ಹಿಂದಿನಿಂದ ಕೂಗಿ ಒಂದು ಅಂಗಿ ಕೊಡಲು ಹೋದಳು. ಅದು ಹಾಯ್ಟನ ಮದುವೆ ಅಂಗಿ. ಆಮೇಲೆ ಅದನ್ನು ಅವನು ತೊಟ್ಟದ್ದಿಲ್ಲ, ಅದರಲ್ಲಿ ನುಸಿಗುಳಿಗೆಯ ವಾಸನೆ ಬಿಟ್ಟರೆ ಮನುಷ್ಯನ ವಾಸನೆಯಿರಲಿಲ್ಲ.

ಸಂಜೆ ನಾನು ಕಡಲೆಕಾಯಿ ಚೀಲ ತರಲು ಆ ದಾರಿಯಲ್ಲಿ ಬರುತ್ತಿದ್ದೆ. ಗೇಟಿನ ಹೊರಗೆ, ರಸ್ತೆಯಂಚಿನಲ್ಲಿ, ಹಾಯ್ಟ್ ನಿಲ್ಲುತ್ತಿದ್ದ ಜಾಗದಲ್ಲಿ ಲೀಮನ್ ತನ್ನ ಕೋಟು ಹಾಸಿ ಪಕ್ಕದಲ್ಲಿ ಬರೀ ಅಂಗಿ ತೊಟ್ಟು ಚಳಿಗೆ ನಡುಗುತ್ತಾ ಕುಳಿತಿದ್ದ. ತಿರುವಿನಲ್ಲೇ ಟ್ರಕ್ಕು ನಿಲ್ಲಿಸಿ ಕಿಟಕಿ ಇಳಿಸಿದೆ. ಕಾಡಿನೊಳಗೆ ಬ್ಯೂಲಾ ಕೂಗುತ್ತಿದ್ದಳು. ಇವನ ಕೋಟಿಗೆ ಅವಳು ಬರುವುದಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಬಹಳ ಹೊತ್ತಾದ ಮೇಲೆ ಲೀಮನ್ ನೆಲಕ್ಕೆ ಹೇಳಿದ:

"ಕೋಟನ್ನೂ ತಗೊಂಡ್ ಹೋಗ್ಬಿಟ್ಯಲ್ಲೋ, ಗೂಬೆ."

ಕಾಡಿನಲ್ಲಿ ಕೂಗು ನಿಂತಿತು.

ಲೀಮನ್ ತಲೆಯೆತ್ತಿದ. ಆ ಕೂಗು ಅಷ್ಟು ಹೊತ್ತು ನಿಂತದ್ದೇ ಇಲ್ಲ. ಎದ್ದ, ಗೇಟು ತೆರೆದು ಒಳಗೆ ಹೋದ, ತನ್ನ ಜಾಗದಲ್ಲಿ ಮೊಣಕೈ ಊರಿದ. ಗಟ್ಟಿಯಾಗಿ ಹೇಳಿದ:

"ನಿನ್ನ ನಾಯಿ ಮತ್ತೆ ಬಂದಿದೆ."

ಹೇಳಿ, ಅಭ್ಯಾಸಬಲದಿಂದ, ಆಚೆಯ ಮಾತಿಗೆ ಕಾದ. ಕಾಡಿನಲ್ಲಿ ಬ್ಯೂಲಾಳೂ ಕಾದಳು. ಕೊಂಚ ಹೊತ್ತಿಗೆ ಮತ್ತೆ ಕೂಗಲು ಶುರುಮಾಡಿದಳು, ಮೊದಲಿಗಿಂತ ದೂರದಿಂದ.

ಲೀಮನ್ ಗೇಟು ದಾಟಿ ಹೊರಗೆ ಓಡಿ ಬಂದ. ಎದುರು ಕಡೆ ಮುಖ ಮಾಡಿ ಮೊಣಕೈ ಊರಿದ. ಗಂಟಲು ಸರಿಮಾಡಿಕೊಂಡ.

"ಗೊತ್ತು ಕಣಯ್ಯ! ಇಲ್ದಿದ್ರೆ ನಾನ್ಯಾಕೆ ಬರ್ತಿದ್ದೆ, ನಿನ್ ಮುಖ ನೋಡೋಕಾ?"

ದನಿ ಹಾಯ್ಟನದೇ ಅಲ್ಲ, ಆದರೆ ಆ ಎಳೆತ, ಆ ಕೊಂಕು, ಮಾತಿನ ಕೊನೆಗೆ ಮೂಗಿನಲ್ಲಿ ನಗುವುದು, ಎಲ್ಲ ಅವನದೇ. ಕೂಗು ನಿಂತಿತು.

ಒಳಗೆ ಓಡಿದ. "ಬೋರ್ಡ್ ಹಾಕಿದೀವಿ." ಹೊರಗೆ ಓಡಿದ. "ಅದಕ್ಕೆ ಓದೋಕೆ ಬರಲ್ಲ!" ಒಳಗೆ. ಹೊರಗೆ. ವರ್ಷಗಳಿಂದ ಜಗಳದ ನಡುವೆ ಯಾರೂ ದಾಟದ ಗೇಟನ್ನು ಆ ಮನುಷ್ಯ ಒಂದು ಸಂಜೆಯಲ್ಲಿ ಕೀಲು ಸವೆಯುವಷ್ಟು ದಾಟಿದ. ಗುಂಡು ಹೊಡೆಯುತ್ತೇನೆಂದ, ಮಂಚದ ಕೆಳಗೆ ಮಲಗುತ್ತೇನೆಂದ, ಡಾಕ್ಟರನ್ನು ಬೈದ, ತನ್ನನ್ನು ಬೈದುಕೊಂಡ. ಪೆನ್ಷನ್ ಮಾತಿಗೆ ಬರುವ ಹೊತ್ತಿಗೆ ಮರಗಳ ಸಂದಿಯಿಂದ ಬ್ಯೂಲಾ ಬಂದಳು, ಬಾಲ ಅಲ್ಲಾಡಿಸದೆ, ಏನೋ ತಡವಾಯಿತೆಂಬಂತೆ. ಗೇಟಿನಿಂದ ಹೊರಬಂದು ಕಂಬದ ಬುಡದಲ್ಲಿ, ಲೀಮನ್‌ನ ಕೋಟಿನ ಮೇಲೆ ಮಲಗಿ, ಇತ್ತಿಂದತ್ತ ಓಡುವವನ ಹಿಂದೆ ಕಣ್ಣು ಹೊರಳಿಸುತ್ತಾ ಕೇಳಿದಳು.

ಕೋಟೇ ಕರೆಯುವುದೆಂದು ನಾವೆಲ್ಲ ತಿಳಿದಿದ್ದೆವು. ಅವಳಿಗೆ ಮನೆಗೆ ಹೋಗುವ ಹೊತ್ತೆಂದರೆ ಈ ಜಗಳ.

ಕಡೆಗೆ ಲೀಮನ್ ಹೊರಗೆ ನಿಂತ. ಹೇಳಬೇಕಾದ ಮಾತು ಒಂದೇ ಉಳಿದಿತ್ತು.

"ಸಾಕು," ಎಂದ. "ಮನೆಗೆ ಹೋಗೋಣ ಬಾರೇ, ಮುದುಕಿ."

ಅವಳು ಎದ್ದಳು. ಆದರೆ ಅವನ ಮನೆ ಗೇಟಿನ ಒಳಗಿತ್ತು. ಬ್ಯೂಲಾ ರಸ್ತೆ ದಾಟಿ ಹಾಯ್ಟನ ಜಗಲಿಯ ಮೇಲೆ ಹೋಗಿ ಮಲಗಿದಳು. ಲೀಮನ್ ಅವಳ ಪಕ್ಕ ಕೋಟು ಹೊದ್ದು ಕುಳಿತು ಅಲ್ಲೇ ಬೆಳಗು ಮಾಡಿದ.

ಶನಿವಾರ ಡಾಕ್ಟರ್ ವಿಂಬರ್ಲಿಗೆ ಕೊಕ್ಕರೆ ರೆಕ್ಕೆ ಬಡಿಯುವುದು ಬಿಟ್ಟು ಏನೂ ಕೇಳಿಸಲಿಲ್ಲ. ಜಿಂಕೆಯೂ ಸಿಗಲಿಲ್ಲ, ಅದು ಬೇರೆ ಮಾತು. ಮುಂದಿನ ವಾರ ವರ್ನೆಲ್ ಒಪ್ಪಿಗೆಯಿಂದ ಲೀಮನ್ ತನ್ನ ಗಾಲಿಮನೆಯನ್ನು ಟ್ರ್ಯಾಕ್ಟರಿಗೆ ಕಟ್ಟಿ ರಸ್ತೆಯ ಆಚೆಗೆ, ಹಾಯ್ಟನ ಅಂಗಳಕ್ಕೆ ಎಳೆದ. ಹಗಲು ಜಮೀನಿನ ಕೆಲಸ, ನಾಯಿ ಜಮೀನಿನ ಹೊರಗೆ. ಡಾಕ್ಟರ್ ಬಂದು ನೋಡಿ, ಕಾನೂನು ಮುರಿದದ್ದೆಲ್ಲೆಂದು ಹುಡುಕಿ, ಸಿಗದೆ ವಾಪಸಾದ.

ಆದರೆ ಜಗಳ ಬಿಡುವಂತಿರಲಿಲ್ಲ. ಒಮ್ಮೆ ಜ್ವರ ಬಂದು ಅವನು ಸಂಜೆ ಗೇಟಿಗೆ ಹೋಗಲಿಲ್ಲ. ಬೆಳಗಾಗುವಷ್ಟರಲ್ಲಿ ಬ್ಯೂಲಾ ಮತ್ತೆ ಬೇಲಿಯೊಳಗೆ ಕೂಗುತ್ತಿದ್ದಳು. ಅಂದಿನಿಂದ ಮಳೆಯಿರಲಿ, ಹಿಮ ಬೀಳಲಿ, ಹೊತ್ತು ಮುಳುಗುವಾಗ ಅವನು ಗೇಟಿನಲ್ಲಿ.

ಕರುಣೆ ಬಂದು ನಾನೊಂದು ಸಂಜೆ ಹೋದೆ. "ಲೀಮನ್, ನೀನು ಒಳಗಿರು. ಹಾಯ್ಟನ ಪಾಲು ನಾನು ಮಾಡ್ತೀನಿ. ಮೊಣಕಾಲಿಗಾದ್ರೂ ವಿಶ್ರಾಂತಿ." ಅವನು ಬೇಡವೆನ್ನಲಿಲ್ಲ. ನಾನು ಹೊರಗೆ ಮೊಣಕೈ ಊರಿ, ಗೊತ್ತಿದ್ದ ಬೈಗುಳವನ್ನೆಲ್ಲ ಹೇಳಿದೆ. ಬ್ಯೂಲಾ ನನ್ನ ಕಡೆ ಒಮ್ಮೆ ಕಣ್ಣು ಹೊರಳಿಸಿ, ಎದ್ದು, ಕಾಡಿನ ದಿಕ್ಕಿಗೆ ಮುಖ ಮಾಡಿ ನಿಂತಳು.

"ನಡಿ ನೀನು," ಎಂದ ಲೀಮನ್, ಸಿಟ್ಟಿಲ್ಲದೆ. "ಅವನು ನಿನ್ನಷ್ಟು ಒಳ್ಳೆಯವನಾಗಿರ್ಲಿಲ್ಲ."

ಟ್ರಕ್ಕು ಹತ್ತಿದೆ. ತಿರುವು ಬರುವವರೆಗೂ ಕನ್ನಡಿಯಲ್ಲಿ ಕಾಣಿಸುತ್ತಿತ್ತು. ಗೇಟು ತೆರೆಯುತ್ತಿತ್ತು, ಮುಚ್ಚುತ್ತಿತ್ತು. ಮುದುಕನೊಬ್ಬ ಒಳಗೆ ಹೋಗಿ ಒಂದು ಮಾತು ಹೇಳಿ, ಅದಕ್ಕೆ ಉತ್ತರ ಕೊಡಲು ಕುಂಟುತ್ತಾ ಹೊರಗೆ ಬರುತ್ತಿದ್ದ.