ಖಾಲಿ ಮಗ್ಗದ ಸದ್ದು

ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ನೇಕಾರರ ಮನೆಯನ್ನು ಕಣ್ಣಿಗಿಂತ ಮೊದಲು ಕಿವಿ ಹುಡುಕುತ್ತದೆ. ಮುರ್ಡಿನಾಳ ಮನೆಗೆ ತಾಗಿದ ತಗಡಿನ ಕೊಟ್ಟಿಗೆಯಲ್ಲಿ ದೇವರ ದಿನವೆಂದು ದ್ವೀಪದಲ್ಲಿ ಯಾರೂ ದುಡಿಯದ ಭಾನುವಾರ ಬಿಟ್ಟು ದಿನವೂ ಮಗ್ಗದ ಸದ್ದು. ಟ್ವೀಡ್ ಎಂಬ ಈ ದಪ್ಪ ಉಣ್ಣೆ ಬಟ್ಟೆಯನ್ನು ಅವಳ ಅಜ್ಜಿ ಮೀನುಗಾರರಿಗೆ ನೆಯ್ದಳು. ತಾಯಿ, ಬೇಟೆಗೆ ಬರುವ ದೊರೆಗಳಿಗೆ. ಮುರ್ಡಿನಾಳ ಕಾಲಕ್ಕೆ ಕೇಳುವವರಿಲ್ಲದೆ ಎಷ್ಟೋ ಮಗ್ಗಗಳು ಗುಜರಿಗೆ ಹೋದವು. ಅವಳು ಮೀನಿನ ಕಾರ್ಖಾನೆಯಲ್ಲಿ ದುಡಿದು, ತನ್ನ ಮಗ್ಗಕ್ಕೆ ಎಣ್ಣೆ ಹಾಕುತ್ತಲೇ ಬಂದಳು.

ಈಗ ಎಲೆ ಉದುರುವ ಕಾಲ ಬಂತೆಂದರೆ ಟೋಕಿಯೊದ ಹುಡುಗರಿಗೂ ಟ್ವೀಡ್ ಕೋಟೇ ಬೇಕು. ಬೇಡಿಕೆ ಏರಿದ್ದೇ ತಡ, ನೇಕಾರರಿಗೆ ನೂಲು ಕೊಟ್ಟು ನೇಯಿಸುವ ಗಿರಣಿಯ ಹೊಸ ಮ್ಯಾನೇಜರು, ಮುರ್ಡಿನಾಳದೊಂದು ಬಿಟ್ಟು ಊರಿನ ಮಗ್ಗಗಳನ್ನೆಲ್ಲ ಪೇಟೆಯ ಒಂದು ಶೆಡ್ಡಿಗೆ ಸಾಗಿಸಿದ. ಆದರೆ ನೇಕಾರರ ಮನೆಯಲ್ಲೇ ನೆಯ್ದ ಬಟ್ಟೆಗೆ ಮಾತ್ರ ಅಸಲಿ ಎಂಬ ದ್ವೀಪದ ಮುದ್ರೆ ಎಂಬುದು ಕಾನೂನು.

"ಶೆಡ್ಡು ಬೆಚ್ಚಗಿದೆ, ಚಹಾನೂ ಕೊಡ್ತೀವಿ. ಎಲ್ಲಿ ನೆಯ್ದರು ಅಂತ ಬಟ್ಟೆ ಬಾಯಿಬಿಡುತ್ತಾ?" ಎಂದು ಅವಳನ್ನೂ ಕರೆದ.

"ಬಟ್ಟೆ ಬಿಡಲ್ಲ. ನಾನು ಬಿಡ್ತೀನಿ," ಎಂದಳು ಮುರ್ಡಿನಾ.

ಅಂದಿನಿಂದ ಅವಳಿಗೆ ನೂಲು ಬರುವುದು ನಿಂತಿತು. ಗಿರಣಿಯ ವ್ಯಾನು ಬಾಗಿಲ ಮುಂದೆಯೇ ನಿಲ್ಲದೆ ಹೋಗುತ್ತಿತ್ತು. ಅದು ಬರುವುದು ಕಂಡೊಡನೆ ಅವಳು ಖಾಲಿ ಮಗ್ಗಕ್ಕೆ ಕೂತು, ಊರಿಗೆಲ್ಲ ಕೇಳುವಂತೆ ಪೆಡಲು ತುಳಿಯುತ್ತಿದ್ದಳು.

ವ್ಯಾನಿನ ಚಾಲಕ ಟಾರ್ಮಡ್ ಅವಳ ಜೊತೆ ಶಾಲೆಗೆ ಹೋದವನು. ಒಂದು ದಿನ ತಡೆಯಲಾರದೆ ನಿಲ್ಲಿಸಿದ.

"ಏನು ಮುರ್ಡಿನಾ, ಗಾಳೀಲಿ ಕೋಟು ನೇಯ್ತಿದ್ದೀಯಾ?"

"ಹೂಂ, ನಿನ್ನ ಮ್ಯಾನೇಜರಿಗೆ. ಅವನ ಮಾತಿನಷ್ಟೇ ಗಟ್ಟಿ ಇರುತ್ತೆ."

ಮುಂದಿನ ವಾರ ಅವನು ಮಗ್ಗದ ಉದ್ದಕ್ಕೆ ಬಿಗಿಯುವ ಹಾಸಿನ ನೂಲು ಹೊತ್ತ ಉರುಳೆಯೊಂದಿಗೆ ಬಂದ.

"ಜಪಾನಿನ ವರ್ತಕರು ಸೋಮವಾರ ಬರ್ತಾರಂತೆ. ನೇಯೋ ಮನೆ ನೋಡ್ಲೇಬೇಕಂತೆ. ಮಗ್ಗ ಇರೋ ಮನೆ ಈಗ ನಿಂದೊಂದೇ. ಇಳಿಸ್ಲಾ?"

"ಇಳಿಸ್ಬೇಡ. ಮೊದಲು ಎಲ್ಲರ ಮಗ್ಗ ಅವರವರ ಮನೆಗೆ ಬರ್ಲಿ."

"ಮ್ಯಾನೇಜರಿಗೆ ಏನು ಹೇಳ್ಲಿ?"

"ಕೊಟ್ಟಿಗೆಗೆ ಚಿಲಕ ಹಾಕಿದೆ ಅಂತ ಹೇಳು."

ಎರಡು ದಿನ ಏನೂ ಆಗಲಿಲ್ಲ. ನೆರೆಯ ಕಲಮ್ ಬಂದು, ಹಟ ಬಿಡು, ಎಲ್ಲರ ಅನ್ನಕ್ಕೂ ಕಲ್ಲು ಬೀಳುತ್ತೆ ಎಂದು ಬೇಡಿಕೊಂಡ. ಅವಳು ಜಗ್ಗಲಿಲ್ಲ. ಶುಕ್ರವಾರ ಮಳೆಯಲ್ಲಿ ಲಾರಿ ಬಂತು; ಮೊದಲು ಇಳಿದದ್ದು ಕಲಮ್‌ನ ಮಗ್ಗ. ಕೊನೆಯದೂ ಮನೆ ಸೇರಿದ ಮೇಲೆ ಅವಳು ಚಿಲಕ ತೆಗೆದಳು. ಹಾಸಿನ ಜೊತೆ ಮ್ಯಾನೇಜರೂ ಬಂದಿದ್ದ.

"ಸೋಮವಾರಕ್ಕೆ ಬಟ್ಟೆ ಆಗುತ್ತಲ್ಲ?"

"ನಾಡಿದ್ದು ಭಾನುವಾರ. ಆದಾಗ ಆಗುತ್ತೆ," ಎಂದು ಅವಳು ನೂಲಿನ ಎಳೆ ಹಿಡಿದು ಬೆನ್ನು ತಿರುಗಿಸಿದಳು.