ಹಳೇ ಡ್ರಾಯಿಂಗ್ ಕೊಟ್ಟರೆ ಹೊಸದು

ಮಕರಪುರದ ನಮ್ಮ ಪಂಪು ಕಾರ್ಖಾನೆಯಲ್ಲಿ ಡ್ರಾಯಿಂಗುಗಳನ್ನು ಕಾಯುವ ಜಾಲಿಹಾಳರನ್ನು ನೀವು ನೋಡಬೇಕು. ಧಾರವಾಡ ಬಿಟ್ಟು ಇಪ್ಪತ್ತು ವರ್ಷವಾದರೂ ಅವರ ಮಾತು ಇನ್ನೂ ವಡೋದರಾಕ್ಕೆ ಬಂದು ಇಳಿದಿಲ್ಲ. ಎಂಜಿನಿಯರುಗಳು ಒಂದು ತೂತನ್ನು ಅರ್ಧ ಮಿಲಿಮೀಟರ್ ಸರಿಸಿದರೂ ಸಾಕು, ಹೊಸ ಡ್ರಾಯಿಂಗನ್ನು ಕಂಕುಳಲ್ಲಿಟ್ಟುಕೊಂಡು, ಲೋಹ ಕಡೆಯುವ ಒಂದು ಲೇತಿನಿಂದ ಇನ್ನೊಂದು ಲೇತಿಗೆ ಹೊರಡುತ್ತಾರೆ. ಹಳೆಯದು ಕೈಗೆ ಬರುವ ತನಕ ಹೊಸದನ್ನು ಬಿಡುವುದಿಲ್ಲ. ಮನೆಗೆ ಬಂದವರು ಎರಡನೇ ಲೋಟ ಚಹಾ ಕೇಳಿದರೂ ಇವರು ಮೊದಲ ಲೋಟ ವಾಪಸ್ ಕೊಡಿ ಎಂದು ಕೈ ಚಾಚುತ್ತಾರೆ ಎಂಬುದು ನಮ್ಮ ತಮಾಷೆ. ತೊಂಬತ್ತೇಳರಲ್ಲಿ ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಬಂತು. ಬದಲಾವಣೆಯ ಚೀಟಿ ತಾನಾಗಿಯೇ ಮೇಜಿನಿಂದ ಮೇಜಿಗೆ ಹೋಗಿ, ಒಪ್ಪಿಗೆ ಪಡೆದು, ಎಲ್ಲ ವಿಭಾಗಗಳಿಗೂ ಮುಟ್ಟುತ್ತಿತ್ತು. ಜಾಲಿಹಾಳರು ಸಿಟ್ಟಾಗಲಿಲ್ಲ, ಕುರ್ಚಿ ಎಳೆದುಕೊಂಡು ಮೂರು ದಿನ ಅದನ್ನೇ ನೋಡಿದರು. "ಭಾಳ ಶಾಣ್ಯಾ ಅದ ಇದು," ಎಂದರು ನನಗೆ. "ಹೊಸಾದನ್ನ ಎಲ್ಲಾರಿಗೂ ಮುಟ್ಟಸ್ತದ. ಹಳೇದನ್ನ ವಾಪಸ್ ಯಾರು ತರ್ತಾರ?" ಪರದೆಯ ಮೇಲೆ ಎಲ್ಲರ ಹೆಸರಿನ ಮುಂದೆಯೂ 'ತಲುಪಿದೆ' ಎಂದಿತ್ತು. ಅವರು ಎದ್ದು ಹೋಗಿ, ಲೇತಿನ ಹಿಂದಿನ ಗೋಡೆಗೆ ಅಂಟಿಸಿದ್ದ ಹಳೇ ಡ್ರಾಯಿಂಗೊಂದನ್ನು ಕಿತ್ತು ತಂದರು. ಸಂಜೆ ಗೇಟಿನ ಕಾವಲುಗಾರ ರಮಣಭಾಯಿಯನ್ನು ಗುಜರಾತಿಯಲ್ಲಿ 'ಕೇಮ್ ಛೋ' ಎಂದು ಕ್ಷೇಮ ಕೇಳದೆ ಜಾಲಿಹಾಳರು ಮನೆಗೆ ಹೋಗುವುದಿಲ್ಲ, ಅದೂ ರಮಣಭಾಯಿಯ ಎಡಗಡೆಗೆ ನಿಂತೇ. ರಮಣಭಾಯಿ ಒಂದು ಕಾಲಕ್ಕೆ ಲೇತಿನ ಮೇಲೆ ಕೆಲಸ ಮಾಡುತ್ತಿದ್ದವರು. ಹಳೇ ಡ್ರಾಯಿಂಗಿನಂತೆ ಕಡೆದ ಪಂಪಿನ ಮುಚ್ಚಳವೊಂದು ಪರೀಕ್ಷೆಯ ವೇಳೆ ಸಿಡಿದು ಅವರ ಬಲಗಣ್ಣು ಹೋಯಿತು. ಆ ಡ್ರಾಯಿಂಗನ್ನು ನಾಳೆ ತಂದರಾಯಿತು ಎಂದು ಬಿಟ್ಟು ಬಂದಿದ್ದವರು ಜಾಲಿಹಾಳರೇ.